ಹಿಂದೆ ಬರುವವರಿಗೊಂದು ದೀಪ

ಕನ್ಯಾಶಾಲೆಯ ಸ್ಮರಣ ಸಂಚಿಕೆಯಲ್ಲಿ ಮೋಟಾರುಗಳ ದೀಪದ ವಿಷಯವೇಕೆ, ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಹಳೆಯ ಗುರುಗಳ ನೆನಪು, ಗೆಳತಿಯರ ಸಮಾಚಾರ, ವಿದ್ಯೆಯ ಮಹಿಮೆ, ಇವುಗಳನ್ನು ಬರೆಯುವದೇ ಇಂಥ ಸಂಚಿಕೆಗಳ ವಾಡಿಕೆ. ಅವನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಈ ಪುಟಗಳಲ್ಲಿಯೇ ಇದ್ದಾರೆ. ನಾವು ಆರಿಸಿಕೊಂಡದ್ದು ಅಂಗೈಯಷ್ಟು ಅಗಲದ ಒಂದು ಕೆಂಪು ದೀಪದ ವಿಷಯ. ಶಾಲೆ ಬಿಟ್ಟ ಘಂಟೆ ಬಾರಿಸಿದಂದಿನಿಂದ ಮಗಳು ಮನೆಯ ಹೊಸ್ತಿಲು ತುಳಿಯುವ ವರೆಗೆ ಬಾಗಿಲಲ್ಲಿ ನಿಂತು ದಾರಿ ನೋಡಿದ ತಾಯಂದಿರಿಗೆ ಇದು ಚಿಕ್ಕ ವಿಷಯವೆಂದು ತೋರಲಾರದೆಂಬ ನಂಬಿಗೆ ನಮಗಿದೆ.

ನಮ್ಮ ಊರ ಹೊರಗೆ ನಡೆದ ಒಂದು ದುಃಖದ ಸಂಗತಿಯನ್ನು ಇಲ್ಲಿ ನೆನೆಯದೆ ಇರಲಾರೆವು. 2021ನೆಯ ಇಸವಿ ಜನವರಿ 15ನೆಯ ತಾರೀಖು, ಸಂಕ್ರಾಂತಿಯ ಮರುದಿನ ಮುಂಜಾನೆ, ದಾವಣಗೆರೆಯ ಕೆಲವರು ಸ್ತ್ರೀಯರು ಗೋವೆಯ ಪ್ರವಾಸಕ್ಕೆಂದು ಹೊರಟು ಧಾರವಾಡದ ಸಮೀಪಕ್ಕೆ ಬಂದಿದ್ದರು. ಇಟಿಗಟ್ಟಿ ಗ್ರಾಮದ ಹತ್ತಿರ, ಬೈಪಾಸ್ ರಸ್ತೆಯ ಮೇಲೆ, ಅವರ ವಾಹನಕ್ಕೂ ಒಂದು ಟಿಪ್ಪರ್ ಲಾರಿಗೂ ಢಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಅವರಲ್ಲಿ ಬಹುಮಂದಿ ಬಾಲ್ಯದಲ್ಲಿ ಒಂದೇ ಶಾಲೆಯಲ್ಲಿ ಕೂಡಿ ಓದಿದ ಗೆಳತಿಯರು. ಸಂಸಾರಗಳ ಭಾರವನ್ನು ಎರಡು ದಿನ ಕೆಳಗಿಳಿಸಿ, ಮತ್ತೊಮ್ಮೆ ಹುಡುಗಿಯರಾಗಿ ನಕ್ಕು ನಲಿದು ಬರೋಣವೆಂದು ಹೊರಟವರು. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥ ಪ್ರವಾಸವನ್ನು ಮನಸ್ಸಿನಲ್ಲಿ ಯೋಜಿಸದವರು ಯಾರು? ಆ ದಿನದ ವರ್ತಮಾನಪತ್ರವನ್ನು ಓದಿ ನಾವು ನಮ್ಮ ಗೆಳತಿಯರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿದೆವು. ಮಾಡಿದ ಮೇಲೆ ಏನು ಮಾತಾಡಬೇಕೆಂಬದೇ ತಿಳಿಯಲಿಲ್ಲ.

ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರದ ವರೆಗಿನ ಆ ಬೈಪಾಸು ಸುಮಾರು 30 ಕಿಲೋಮೀಟರು ಉದ್ದದ್ದು. ಅದರ ಎರಡೂ ತುದಿಗಳಿಂದಾಚೆಗೆ ಹೆದ್ದಾರಿಯು ನಾಲ್ಕು ಸಾಲಿನದಾಗಿದ್ದಾಗ, ನಡುವಿನ ಈ ತುಂಡು ಮಾತ್ರ ಎರಡೇ ಸಾಲಿನದಾಗಿ, ಹೋಗುವವರಿಗೂ ಬರುವವರಿಗೂ ನಡುವೆ ಯಾವ ತಡೆಯೂ ಇಲ್ಲದ್ದಾಗಿತ್ತು. ಅಗಲವಾದ ಹೊಳೆಯು ಇಕ್ಕಟ್ಟಾದ ಕಾಲುವೆಗೆ ನುಗ್ಗಿದಂತೆ ವಾಹನಗಳು ಅಲ್ಲಿ ನುಗ್ಗುತ್ತಿದ್ದವು. ರಸ್ತೆಯನ್ನು ಅಗಲ ಮಾಡಬೇಕೆಂದು ತೀರಿಹೋದವರ ಬಂಧುಗಳೂ ಸ್ನೇಹಿತೆಯರೂ ಅದೇ ಸ್ಥಳಕ್ಕೆ ಬಂದು ಮೊರೆಯಿಟ್ಟರು. 2022ರಲ್ಲಿ ಆರು ಸಾಲಿನ ರಸ್ತೆಗೆ ಶಂಕುಸ್ಥಾಪನೆಯೂ ಆಯಿತು. ಇಂಥ ರಸ್ತೆಗೆ ಮುಖ್ಯ ಮದ್ದು ಅಗಲ ಮಾಡುವದೇ ಎಂಬದನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಇಟಿಗಟ್ಟಿಯ ಅನಾಹುತಕ್ಕೆ ದೀಪವೇ ಕಾರಣವೆಂದು ನಾವು ಹೇಳುವದಿಲ್ಲ. ನಾವು ಹೇಳುವದು ಇಷ್ಟೇ: ರಸ್ತೆಯನ್ನು ಅಗಲ ಮಾಡುವದು ಸರಕಾರದ ಕೆಲಸ, ವರುಷಗಳ ಕೆಲಸ. ದೀಪವನ್ನು ಸರಿಪಡಿಸುವದು ನಮ್ಮ ನಿಮ್ಮ ಕೆಲಸ, ಒಂದು ಸಾಯಂಕಾಲದ ಕೆಲಸ. ದೊಡ್ಡದು ಆಗಲಿಲ್ಲವೆಂದು ಸಣ್ಣದನ್ನು ಬಿಟ್ಟು ಕೂಡ್ರುವದು ಜಾಣತನವಲ್ಲ.

ಸಣ್ಣದೆಂದು ನಾವು ಕರೆದದ್ದು ಎಷ್ಟು ದೊಡ್ಡದೆಂಬದನ್ನು ಈಗ ನೋಡೋಣ. 2022ನೆಯ ಇಸವಿಯ ಮೇ ತಿಂಗಳ ಕೊನೆಯ ವಾರದಲ್ಲಿ, ಇದೇ ಬೈಪಾಸಿನ ಮೇಲೆ, ಹುಬ್ಬಳ್ಳಿಯ ಹತ್ತಿರದ ತಾರಿಹಾಳದಲ್ಲಿ, ಕೊಲ್ಹಾಪುರದಿಂದ ಬೆಂಗಳೂರಿಗೆ ಹೊರಟ ಬಸ್ಸೊಂದು ನಡುರಾತ್ರಿಯಲ್ಲಿ ಮುಂದಿದ್ದ ಟ್ರ್ಯಾಕ್ಟರನ್ನು ದಾಟಹೋಗಿ ಎದುರಿನ ಲಾರಿಗೆ ಬಡಿಯಿತು. ಏಳಕ್ಕೆ ಕಡಿಮೆಯಿಲ್ಲದಷ್ಟು ಜನ ತೀರಿಕೊಂಡರು. ಆ ಸಂಗತಿಯ ನ್ಯಾಯವಿಚಾರಣೆ ನಮ್ಮ ಕೆಲಸವಲ್ಲ. ಆದರೆ ಕತ್ತಲೆಯಲ್ಲಿ ನಿಧಾನವಾದ ವಾಹನವೊಂದು ಮುಂದಿದ್ದಾಗ ಸಾಮಾನ್ಯವಾಗಿ ಏನಾಗುತ್ತದೆಂಬದನ್ನು ನಮ್ಮ ಹುಡುಗಿಯರು ಕಲಿಯುವ ಗಣಿತದಿಂದಲೇ ತಿಳಿಯಬಹುದು.

ಘಂಟೆಗೆ 80 ಕಿಲೋಮೀಟರಿನಂತೆ ಹೋಗುವ ಬಸ್ಸು ಒಂದು ಸೆಕೆಂದಿಗೆ 22 ಮೀಟರು ಸಾಗುತ್ತದೆ. ಮುಂದಿನ ಟ್ರ್ಯಾಕ್ಟರಿನ ವೇಗ ಘಂಟೆಗೆ 20 ಎನ್ನೋಣ. ಹಾಗಾದರೆ ಅವೆರಡರ ನಡುವಿನ ಅಂತರವು ಪ್ರತಿಯೊಂದು ಸೆಕೆಂದಿಗೆ 16 ಮೀಟರಿಗಿಂತ ಹೆಚ್ಚಾಗಿ ಕರಗುತ್ತ ಹೋಗುತ್ತದೆ. ಎದುರಿನಿಂದ ಬರುವವರ ಕಣ್ಣು ಕುಕ್ಕಬಾರದೆಂದು ಬಸ್ಸಿನವನು ತನ್ನ ದೀಪವನ್ನು ತಗ್ಗಿಸಿಕೊಂಡಿದ್ದರೆ, ದೀಪವಿಲ್ಲದ ಕಪ್ಪು ಟ್ರೇಲರು ಅವನ ಕಣ್ಣಿಗೆ ಬೀಳುವದು ಸುಮಾರು 40 ಮೀಟರು ಹತ್ತಿರವಾದ ಮೇಲೆ. ನೋಡಿ, ಅದೇನೆಂದು ತಿಳಿದು, ಬ್ರೇಕಿನ ಮೇಲೆ ಕಾಲಿಡಲು ಮನುಷ್ಯನಿಗೆ ಒಂದೂವರೆ ಸೆಕೆಂದಾದರೂ ಬೇಕು. ಅಷ್ಟರಲ್ಲಿ 25 ಮೀಟರು ಹೋಯಿತು. ಉಳಿದ 15 ಮೀಟರಿನಲ್ಲಿ, ಜನ ತುಂಬಿದ ಬಸ್ಸಿನ ವೇಗವನ್ನು ಟ್ರ್ಯಾಕ್ಟರಿನ ವೇಗಕ್ಕೆ ಇಳಿಸುವದು ಆಗದ ಮಾತು. ಆಗ ಚಾಲಕನಿಗೆ ಉಳಿಯುವದು ಒಂದೇ ದಾರಿ: ಚಕ್ರವನ್ನು ಬಲಕ್ಕೆ ತಿರುಗಿಸುವದು. ಆದರೆ ಬಲಕ್ಕೆ ಎದುರಿನ ಲಾರಿ ಬರುತ್ತಿರುತ್ತದೆ. ಆದ್ದರಿಂದ, ಎದುರುಬದುರಿನ ಢಿಕ್ಕಿಯೆಂದು ದಫ್ತರದಲ್ಲಿ ಬರೆಯಲ್ಪಡುವ ಎಷ್ಟೋ ಅಪಘಾತಗಳ ಬೇರು, ಮುಂದಿದ್ದ ವಾಹನದ ಬೆನ್ನಿನ ಮೇಲೆ ಒಂದು ಕೆಂಪು ಹೊಳಪು ಇಲ್ಲದ್ದರಲ್ಲಿ ಇರಬಹುದು. ಅದೇ ಟ್ರೇಲರಿನ ಹಿಂದೆ ಬೆಳಕನ್ನು ಮರಳಿಸುವ ಕೆಂಪು ಪಟ್ಟಿಯೊಂದು ಅಂಟಿದ್ದರೆ ನೂರು ಮೀಟರಿಗಿಂತಲೂ ಆಚೆಯಿಂದ ಅದು ಹೊಳೆಯುತ್ತದೆ. ಬಸ್ಸಿನವನಿಗೆ ವಿಚಾರ ಮಾಡಲು ಸಮಯ ಸಿಕ್ಕುತ್ತದೆ.

ನಮಗೂ ಒಮ್ಮೆ ಈ ಅನುಭವವಾಗಿದೆ. ಕಬ್ಬು ಕಡಿಯುವ ಕಾಲ. ಹಳಿಯಾಳದ ಕಡೆಗೆ ಒಂದು ಲಗ್ನವನ್ನು ಮುಗಿಸಿಕೊಂಡು ರಾತ್ರಿ ಮರಳುತ್ತಿದ್ದೆವು. ರಸ್ತೆಯ ಮೇಲೆ ಏನೂ ಇಲ್ಲವೆಂದು ತಿಳಿದಿದ್ದಲ್ಲಿ ಒಮ್ಮೆಲೆ ಕಬ್ಬಿನ ಗೋಡೆಯೊಂದು ಎದ್ದು ನಿಂತಂತಾಯಿತು. ನಮ್ಮ ಪುಣ್ಯಕ್ಕೆ ವಾಹನದ ವೇಗವು ಕಡಿಮೆಯಿತ್ತು. ಇಳಿದು ನೋಡಿದಾಗ ಟ್ರೇಲರಿಗೆ ಹಿಂದೀಪವು ಇರಲಿಲ್ಲವೆಂದಲ್ಲ; ಇತ್ತು, ಉರಿಯುತ್ತಲೂ ಇತ್ತು. ಜೋತುಬಿದ್ದ ಕಬ್ಬಿನ ಸೋಗೆಯು ಅದನ್ನು ಮುಚ್ಚಿಬಿಟ್ಟಿತ್ತು. ಮುಂದೆ ಕುಳಿತ ಆ ಹುಡುಗನಿಗೆ ತನ್ನ ದೀಪವು ಯಾರಿಗೂ ಕಾಣುತ್ತಿಲ್ಲವೆಂಬದು ತಿಳಿಯುವದಾದರೂ ಹೇಗೆ? ತನ್ನ ಬೆನ್ನು ತನಗೆ ಕಾಣದು.

ನಮ್ಮ ಮಾತಿನ ತಿರುಳು ಇಲ್ಲಿಯೇ ಇದೆ. ವಾಹನದ ಮುಂದಿನ ದೀಪವು ನಮಗಾಗಿ. ಅದು ಆರಿದರೆ ಆ ಕ್ಷಣವೇ ತಿಳಿಯುತ್ತದೆ, ಅದೇ ರಾತ್ರಿ ಸರಿಪಡಿಸುತ್ತೇವೆ. ಹಿಂದಿನ ಕೆಂಪು ದೀಪ, ಬ್ರೇಕಿನ ದೀಪ, ತಿರುವಿನ ಹಳದಿ ದೀಪ, ಇವು ಪರರಿಗಾಗಿ. ಅವು ಆರಿ ಮೂರು ತಿಂಗಳಾದರೂ ನಮಗೆ ತಿಳಿಯುವದಿಲ್ಲ. ತಿಳಿದರೂ ನಮ್ಮ ದಾರಿಗೆ ಕತ್ತಲೆಯಾಗುವದಿಲ್ಲವಾದ್ದರಿಂದ ಅಸಡ್ಡೆ ಮಾಡುತ್ತೇವೆ. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ಪಾಠವನ್ನು ಈ ಶಾಲೆಯಲ್ಲಿ ಕಲಿತವರಿಗೆ, ರಸ್ತೆಯ ಮೇಲೆ ನೆರೆಯವರೆಂದರೆ ನಮ್ಮ ಹಿಂದೆ ಬರುವವರೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ಕಾಲದವರು ಇದನ್ನು ಅರಿತಿದ್ದರು. ರಾತ್ರಿಯಲ್ಲಿ ಹೊರಟ ಚಕ್ಕಡಿಯ ಅಚ್ಚಿನ ಕೆಳಗೆ ಒಂದು ಕಂದೀಲು ತೂಗಾಡುತ್ತಿತ್ತು. ಎತ್ತುಗಳಿಗೆ ದಾರಿ ಗೊತ್ತು, ಒಡೆಯನು ಒಳಗೆ ನಿದ್ರೆ ಹೋಗಿರಬಹುದು. ಆ ಕಂದೀಲು ಬೇರೆಯವರಿಗಾಗಿಯೇ ಉರಿಯುತ್ತಿತ್ತು. ಸಾಯಕಲ್ಲಿಗೆ ದೀಪವಿಲ್ಲದೆ ಸಂಜೆ ಹೊರಟವರನ್ನು ಪೋಲೀಸರು ಹಿಡಿದು ನಿಲ್ಲಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಈಗಲೂ ಭಾರತ ಹುಣ್ಣಿವೆಯ ಸಮಯಕ್ಕೆ ನಮ್ಮ ಸೀಮೆಯ ಹಳ್ಳಿಗಳಿಂದ ಉಳವಿಯ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟಿ ಹೋಗುತ್ತವೆ. ಎತ್ತುಗಳ ಕೊರಳಿಗೆ ಗೆಜ್ಜೆ, ಕೋಡಿಗೆ ಬಣ್ಣ, ಮೈಮೇಲೆ ಜೂಲು, ಎಲ್ಲವೂ ಇರುತ್ತದೆ. ಚಕ್ಕಡಿಯ ಹಿಂದೆ ಒಂದು ಕೆಂಪು ಪಟ್ಟಿಯೂ ಇದ್ದರೆ ಶೃಂಗಾರವು ಪೂರ್ಣವಾದೀತು.

ಇದೆಲ್ಲ ಬರಿಯ ಊಹೆಯಲ್ಲ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 1,68,491 ಜನರು ರಸ್ತೆಯ ಅಪಘಾತಗಳಲ್ಲಿ ಮಡಿದರೆಂದು ಕೇಂದ್ರ ಸರಕಾರದ ಲೆಕ್ಕವು ಹೇಳುತ್ತದೆ. ಆ ವರ್ಷದ ಅಪಘಾತಗಳಲ್ಲಿ ಐದರಲ್ಲಿ ಒಂದರಷ್ಟು ಹಿಂದಿನಿಂದ ಬಂದು ಬಡಿದವು. ಅಮೇರಿಕೆಯಲ್ಲಿ 1993ರ ಡಿಸೆಂಬರದಿಂದ ತಯಾರಾಗುವ ದೊಡ್ಡ ಟ್ರೇಲರುಗಳಿಗೆ ಬೆಳಕು ಮರಳಿಸುವ ಪಟ್ಟಿಯನ್ನು ಕಡ್ಡಾಯ ಮಾಡಿದರು. ಕತ್ತಲೆಯಲ್ಲಿ ಅಂಥ ಟ್ರೇಲರುಗಳ ಬದಿಗೂ ಬೆನ್ನಿಗೂ ಬಡಿಯುವ ಅಪಘಾತಗಳು ಶೇಕಡಾ 29ರಷ್ಟು ಇಳಿದುವೆಂದೂ, ಬೀದಿದೀಪವಿಲ್ಲದ ಕಡೆಗಳಲ್ಲಿ ಶೇಕಡಾ 41ರಷ್ಟು ಇಳಿದುವೆಂದೂ ಅಲ್ಲಿಯ ಸರಕಾರದವರು 2001ರಲ್ಲಿ ಪ್ರಕಟಿಸಿದರು. ಅಲ್ಲಿಯೇ 1974ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಟ್ಯಾಕ್ಸಿಗಳ ಹಿಂದೆ ನಟ್ಟನಡುವೆ ಮೂರನೆಯ ಬ್ರೇಕಿನ ದೀಪವನ್ನಿಟ್ಟು ಪರೀಕ್ಷಿಸಿದಾಗ, ಹಿಂದಿನಿಂದ ಬಡಿಯುವ ಅಪಘಾತಗಳು ಅರ್ಧಕ್ಕಿಂತಲೂ ಕಡಿಮೆಯಾದವು. 1986ರಿಂದ ಹೊಸ ಕಾರುಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿದರು. ಎಲ್ಲರಿಗೂ ಅದು ರೂಢಿಯಾದ ಬಳಿಕ ಲಾಭವು ಶೇಕಡಾ 4.3ಕ್ಕೆ ಬಂದು ನಿಂತಿತು. ಹೊಸತನದ ಬೆರಗು ಬೇಗನೆ ಮಾಸುತ್ತದೆ. ಮಾಸಿದ ಮೇಲೆಯೂ ಉಳಿಯುವ ಈ ಅಲ್ಪ ಲಾಭವು ಲಕ್ಷಗಟ್ಟಲೆ ವಾಹನಗಳ ದೇಶದಲ್ಲಿ ಅಲ್ಪವಲ್ಲ.

ಇದರಿಂದ ಇನ್ನೊಂದು ಪಾಠವನ್ನೂ ಕಲಿಯಬೇಕು. ದೀಪಗಳು ಹೆಚ್ಚಾದಷ್ಟೂ ಒಳ್ಳೆಯದೆಂದಲ್ಲ. ಇತ್ತೀಚೆಗೆ ವಾಹನಗಳ ಹಿಂದೆ ಮುಂದೆ ನೀಲಿ, ಹಸುರು, ಬಿಳಿ ಬಣ್ಣದ ಮಿಣಕುವ ದೀಪಗಳನ್ನು ಕಟ್ಟಿ ತಿರುಗುವ ಷೋಕಿ ಹಬ್ಬಿದೆ. ದೀಪವೆಂಬದು ರಸ್ತೆಯ ಭಾಷೆ. ಕೆಂಪು ದೀಪವು “ನಾನಿಲ್ಲಿದ್ದೇನೆ” ಎನ್ನುತ್ತದೆ. ಅದು ಪ್ರಖರವಾದರೆ “ನಿಲ್ಲುತ್ತಿದ್ದೇನೆ” ಎನ್ನುತ್ತದೆ. ಮಿಣಕುವ ಹಳದಿಯು “ತಿರುಗುತ್ತೇನೆ” ಎನ್ನುತ್ತದೆ. ಕೇಂದ್ರ ಮೋಟಾರು ವಾಹನಗಳ 1989ರ ನಿಯಮಗಳಲ್ಲಿ ಈ ಹಳದಿ ದೀಪವು ನಿಮಿಷಕ್ಕೆ 60ಕ್ಕೆ ಕಡಿಮೆಯಾಗದೆ 120ನ್ನು ಮೀರದೆ ಮಿಣಕಬೇಕೆಂದು ಗೊತ್ತುಪಡಿಸಿರುವದೂ ಭಾಷೆಯು ಸ್ಪಷ್ಟವಾಗಿರಲೆಂದೇ. ವ್ಯಾಕರಣವಿಲ್ಲದ ಭಾಷೆಯು ಅನರ್ಥಕ್ಕೆ ಕಾರಣವಾಗುತ್ತದೆ.

ಅಂಥ ಅನರ್ಥಗಳು ನಮ್ಮ ರಸ್ತೆಗಳ ಮೇಲೆ ದಿನವೂ ನಡೆಯುತ್ತಿವೆ. ಹೆದ್ದಾರಿಯಲ್ಲಿ ಲಾರಿಯವನೊಬ್ಬನು ಬಲಗಡೆಯ ದೀಪವನ್ನು ಮಿಣಕಿಸುತ್ತಾನೆ. ಅದರ ಅರ್ಥವು “ನಾನು ಬಲಕ್ಕೆ ತಿರುಗುತ್ತೇನೆ” ಎಂದೋ, “ಎದುರಿಗೆ ವಾಹನವಿದೆ, ಬರಬೇಡ” ಎಂದೋ, “ದಾರಿ ತೆರವಿದೆ, ದಾಟಿ ಹೋಗು” ಎಂದೋ? ಒಬ್ಬೊಬ್ಬ ಚಾಲಕನು ಒಂದೊಂದು ಅರ್ಥದಲ್ಲಿ ಅದನ್ನು ಬಳಸುತ್ತಾನೆ. ಮುಂದಿನ ದೀಪವನ್ನು ಎರಡು ಸಲ ಮಿಂಚಿಸಿದರೆ ಕೆಲವರಿಗೆ ಅದು “ನೀವು ಹೋಗಿರಿ” ಎಂಬ ಮರ್ಯಾದೆ. ಕೆಲವರಿಗೆ “ನಾನು ಬರುತ್ತೇನೆ, ನಿಲ್ಲು” ಎಂಬ ಗದರಿಕೆ. ನಾಲ್ಕೂ ಕಡೆಯ ಹಳದಿ ದೀಪಗಳು ಕೂಡಿ ಮಿಣಕುವ ಏರ್ಪಾಡು ಕೆಟ್ಟು ನಿಂತ ವಾಹನಕ್ಕಾಗಿ ಇದ್ದದ್ದು. ಅದನ್ನು ಹಚ್ಚಿಕೊಂಡು ಚೌಕದಲ್ಲಿ ನೆಟ್ಟಗೆ ಹೋಗುವವರನ್ನು ಜುಬಿಲಿ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ನೋಡಬಹುದು. ಬದಿಯಿಂದ ಬರುವ ಹುಡುಗಿಗೆ ಒಂದು ಕಡೆಯ ದೀಪವಷ್ಟೇ ಕಾಣುತ್ತದೆ. ಈ ವಾಹನವು ತನ್ನ ಕಡೆಗೆ ತಿರುಗುವದೆಂದು ಅವಳು ತಿಳಿಯುತ್ತಾಳೆ. ಪರೀಕ್ಷೆಯಲ್ಲಿ ಒಂದು ಶಬ್ದಕ್ಕೆ ತಪ್ಪು ಅರ್ಥ ಬರೆದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ಹೋಗುವದು ಅಂಕವಲ್ಲ.

ಮೋಟಾರು, ದೀಪ, ಇವೆಲ್ಲ ಗಂಡಸರ ಕಾರಭಾರ ಎನ್ನುವವರಿಗೆ ಒಂದು ಮಾತು. ಮಳೆಯಲ್ಲಿ ಗಾಜನ್ನು ಒರಸುವ ಕಡ್ಡಿಗೆ 1903ರಲ್ಲಿ ಪೇಟೆಂಟು ಪಡೆದವಳು ಅಮೇರಿಕೆಯ ಮೇರಿ ಆಂಡರ್ಸನ್ ಎಂಬ ಸ್ತ್ರೀ. ಮೂಕಚಿತ್ರಗಳ ಪ್ರಸಿದ್ಧ ನಟಿಯಾದ ಫ್ಲಾರೆನ್ಸ್ ಲಾರೆನ್ಸ್ ಎಂಬವಳು 1914ರ ಸುಮಾರಿಗೆ ತನ್ನ ಕಾರಿನ ಹಿಂದೆ, ಗುಂಡಿಯನ್ನು ಒತ್ತಿದರೆ ತಿರುವಿನ ದಿಕ್ಕನ್ನು ತೋರಿಸುವ ಒಂದು ಕೈಯನ್ನೂ, ಬ್ರೇಕನ್ನು ಒತ್ತಿದರೆ ಎದ್ದು ನಿಲ್ಲುವ ಒಂದು ಫಲಕವನ್ನೂ ಯೋಜಿಸಿದ್ದಳು. ಪೇಟೆಂಟು ಪಡೆಯದ್ದರಿಂದ ಅವಳಿಗೆ ಅದರಿಂದ ಲಾಭವಾಗಲಿಲ್ಲ. ಆದರೆ ಹಿಂದೆ ಬರುವವರಿಗೆ ತನ್ನ ಮನಸ್ಸಿನಲ್ಲಿದ್ದುದನ್ನು ಮೊದಲೇ ತಿಳಿಸಬೇಕೆಂಬ ವಿಚಾರವು ಅವಳಿಗೆ ಹೊಳೆದಿತ್ತು. ನಮ್ಮ ಶಾಲೆಯ ವಿಜ್ಞಾನದ ವರ್ಗದಲ್ಲಿ ಕುಳಿತ ಹುಡುಗಿಯರಿಗೆ ಇದಕ್ಕಿಂತ ಉತ್ತಮವಾದ ವಿಚಾರವು ಹೊಳೆಯಲಾರದೇಕೆ?

ಬಡವರ ಮೇಲೆ ಖರ್ಚು ಬೀಳುವದೆಂದು ಕೆಲವರು ಆಕ್ಷೇಪಿಸುತ್ತಾರೆ. ಹಿಂದೀಪದ ಒಂದು ಬಲ್ಬಿಗೂ ಒಂದು ಮೊಳ ಕೆಂಪು ಪಟ್ಟಿಗೂ ಬೀಳುವ ಹಣವು ಆಸ್ಪತ್ರೆಯ ಒಂದು ದಿನದ ಖರ್ಚಿನ ಮುಂದೆ ಏನೂ ಅಲ್ಲ. ದೀಪ ಹಾಕಿದರೂ ಯಾರು ನೋಡುತ್ತಾರೆಂದು ಇನ್ನು ಕೆಲವರು ಕೇಳುತ್ತಾರೆ. ನಮ್ಮ ಜನರು ನೋಡುತ್ತಾರೆ, ನೋಡಿ ಹೇಳುತ್ತಲೂ ಇದ್ದಾರೆ. 2017ನೆಯ ಏಪ್ರಿಲದಿಂದ ಹೊಸ ಮೋಟಾರು ಸಾಯಕಲ್ಲುಗಳ ಮುಂದಿನ ದೀಪವು ಹಗಲಿನಲ್ಲಿಯೂ ತಾನಾಗಿ ಉರಿಯುವಂತೆ ಸರಕಾರವು ನಿಯಮ ಮಾಡಿತು. ಅಂದಿನಿಂದ ಎಷ್ಟು ಜನ ಅಪರಿಚಿತರು, “ದೀಪ ಉರೀಲಿಕ್ಕೆ ಹತ್ಯದ” ಎಂದು ಕೈಬೆರಳುಗಳನ್ನು ಕೂಡಿಸಿ ಬಿಡಿಸಿ ನಮಗೆ ಸನ್ನೆ ಮಾಡಿಲ್ಲ! ಪರರ ಬ್ಯಾಟರಿಯ ಚಿಂತೆಯನ್ನು ಇಷ್ಟು ಅಕ್ಕರೆಯಿಂದ ವಹಿಸುವ ಜನರು, ಆರಿಹೋದ ಹಿಂದೀಪವನ್ನು ಕಂಡಾಗಲೂ ಹಾಗೆಯೇ ಕೂಗಿ ಹೇಳಿದರೆ ಊರಿಗೇ ಉಪಕಾರವಾದೀತು.

ಆದಕಾರಣ ನಮ್ಮ ವಾಚಕರಲ್ಲಿ ಕೆಲವು ಬಿನ್ನಹಗಳು. ಪಾಲಕರೇ, ವಾರಕ್ಕೊಮ್ಮೆ ಐದು ನಿಮಿಷ ಬಿಡುವು ಮಾಡಿಕೊಳ್ಳಿರಿ. ಬ್ರೇಕನ್ನು ಒತ್ತಿ ಹಿಂದೆ ಹೋಗಿ ನೋಡುವದು ಒಬ್ಬರಿಂದ ಆಗದ ಕೆಲಸ. ಮಗಳನ್ನು ವಾಹನದ ಹಿಂದೆ ನಿಲ್ಲಿಸಿ ಕೇಳಿರಿ. “ಅಪ್ಪಾ, ಎಡಗಡೇದು ಹತ್ತವಲ್ಲದು” ಎಂದು ಅವಳು ಹೇಳಿದರೆ ಮರುದಿನದ ತನಕ ಕಾಯಬೇಡಿರಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಕೆಸರು ದೀಪದ ಗಾಜಿನ ಮೇಲೆ ಕುಳಿತರೆ ದೀಪವಿದ್ದೂ ಇಲ್ಲದಂತೆ. ಒಂದು ಹಸಿ ಅರಿವೆಯಿಂದ ಒರಸಿದರೆ ಸಾಕು. ನಿಮ್ಮ ಮಕ್ಕಳನ್ನು ಶಾಲೆಗೆ ಕರೆತರುವ ಆಟೋರಿಕ್ಷಾ ಮತ್ತು ವ್ಯಾನುಗಳ ದೀಪಗಳನ್ನೂ ನೋಡಿರಿ. ತಿಂಗಳ ಬಾಡಿಗೆಯನ್ನು ಕೊಡುವಾಗ ನಯವಾಗಿ ಒಂದು ಮಾತು ಕೇಳಿದರೆ ಯಾರೂ ಬೇಸರ ಪಡುವದಿಲ್ಲ. ಹೊಸ ದೀಪ ಕೊಳ್ಳುವದಾದರೆ, ತಂತಿಯ ಬಲ್ಬು ಪೂರ್ಣ ಬೆಳಗಲು ಒಂದು ಸೆಕೆಂದಿನ ಐದರಲ್ಲೊಂದು ಭಾಗವನ್ನು ತೆಗೆದುಕೊಳ್ಳುವದೆಂದೂ, ಎಲ್‌ಇಡಿ ದೀಪವು ಒತ್ತಿದ ಕೂಡಲೆ ಬೆಳಗುವದೆಂದೂ ನೆನಪಿರಲಿ. ಘಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಅಷ್ಟು ಹೊತ್ತೆಂದರೆ ಒಂದು ಕಾರಿನ ಉದ್ದದಷ್ಟು ದಾರಿ.

ಹಳೆಯ ವಿದ್ಯಾರ್ಥಿನಿ ಭಗಿನಿಯರೇ, ನಿಮ್ಮಲ್ಲಿ ಬಹುಮಂದಿ ಈಗ ವಾಹನವನ್ನು ನೀವೇ ನಡಿಸುತ್ತೀರಿ. ತಿರುಗುವದಕ್ಕೆ ಸಾಕಷ್ಟು ಮುಂಚೆ ದೀಪದಿಂದ ತಿಳಿಸಿರಿ. ತಿರುಗಿದ ಮೇಲೆ ಅದನ್ನು ಆರಿಸಲು ಮರೆಯದಿರಿ. ಎದುರಿನವರ ಕಣ್ಣಿಗೆ ನಿಮ್ಮ ಬೆಳಕು ಕುಕ್ಕದಂತೆ ತಗ್ಗಿಸಿರಿ. ಹಳ್ಳಿಗಳಲ್ಲಿ ಮನೆತನ ಮಾಡಿಕೊಂಡಿರುವವರು ತಮ್ಮ ಟ್ರ್ಯಾಕ್ಟರಿನ ಟ್ರೇಲರಿಗೂ ಚಕ್ಕಡಿಗೂ ಕೆಂಪು ಪಟ್ಟಿಯನ್ನು ಅಂಟಿಸಿ, ಕಬ್ಬು ಹೇರಿದ ಮೇಲೆ ಅದು ಕಾಣುವದೋ ಇಲ್ಲವೋ ಎಂದು ಒಮ್ಮೆ ಹಿಂದೆ ಹೋಗಿ ನೋಡಿರಿ. ಸೂರ್ಯ ಮುಳುಗಿದ ಅರ್ಧ ಘಂಟೆಯಿಂದ ದೀಪ ಉರಿಯತಕ್ಕದ್ದೆಂದು ಕಾನೂನು ಹೇಳುತ್ತದೆ. ಆದ್ದರಿಂದ ಅಧಿಕಾರಿಗಳು ವಾಹನಗಳನ್ನು ಹಗಲಿನಲ್ಲಿ ಮಾತ್ರವಲ್ಲ, ಕಬ್ಬಿನ ಕಾಲದ ರಾತ್ರಿಗಳಲ್ಲಿಯೂ ರಸ್ತೆಯ ಮೇಲೆ ನಿಂತು ಪರೀಕ್ಷಿಸಬೇಕೆಂದು ಕೇಳುವ ಹಕ್ಕು ನಮಗಿದೆ. ನಮ್ಮ ದೀಪವನ್ನು ಸರಿಪಡಿಸಿಕೊಂಡು ಕೇಳಿದರೆ ಆ ಮಾತಿಗೆ ತೂಕವೂ ಬರುತ್ತದೆ.

ದಾವಣಗೆರೆಯ ಆ ಗೆಳತಿಯರು ಮರಳಿ ಬರಲಾರರು. ಅವರಂತೆಯೇ ಕೂಡಿ ಕಲಿತ ನಾವು, ಅವರು ಬಂದ ದಾರಿಯಲ್ಲಿಯೇ ಈಗಲೂ ಹೋಗಿ ಬರುತ್ತೇವೆ. ನಾವು ಈ ಶಾಲೆಯನ್ನು ಬಿಟ್ಟು ಮುಂದೆ ಬಂದವರು. ನಮ್ಮ ಹಿಂದೆ ಇನ್ನೂ ಎಷ್ಟೋ ಹುಡುಗಿಯರು ಬರುತ್ತಿದ್ದಾರೆ. ಇಂದು ಸಂಜೆ ವಾಹನವನ್ನು ಹೊರಗೆ ತೆಗೆಯುವ ಮುಂಚೆ ಒಮ್ಮೆ ಅದರ ಹಿಂದೆ ಹೋಗಿ ನಿಂತು, ದೀಪವು ಹತ್ತುತ್ತದೆಯೋ ನೋಡಿರೆಂದು ನಮ್ಮ ಪ್ರಾರ್ಥನೆ.